ಹದಿನೇಳನೇ ಡಬ್ಬಿಯ ಕೊಳಲು

ಕೊಡಿಯಾಲ್‌ಬೈಲಿನ ನಮ್ಮ ಓಣಿಯಲ್ಲಿ ಸಂಜೆಯಾದರೆ ಮೂರು ಬಗೆಯ ಸದ್ದು ಕೇಳುತ್ತದೆ. ರಸ್ತೆಯ ಬಸ್ಸುಗಳದ್ದು, ಟ್ಯೂಷನ್ ಮುಗಿಸಿ ಬರುವ ಮಕ್ಕಳದ್ದು, ಎದುರು ಮನೆಯ ಮಾಳಿಗೆಯಿಂದ ಬರುವ ಸಿಂಥಸೈಜರಿನದ್ದು. ಅದನ್ನು ನುಡಿಸುವ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ದ್ವಿತೀಯ ಪಿ.ಯು. ಪರೀಕ್ಷೆ ಮುಗಿದ ಮೇಲೆ ಒಂದು ಸಂಜೆ ಮುಖ ಸಣ್ಣದು ಮಾಡಿಕೊಂಡು ನಮ್ಮ ಜಗಲಿಗೆ ಬಂದ.

“ಸರ್, ಅಜ್ಜಿಯ ಹಾಡಿನ ಕೊಳಲು ಹೋಯಿತು.”

ವಿಷಯ ಇಷ್ಟು. ಎರಡು ವರ್ಷಗಳ ಹಿಂದೆ, ಎಸ್ಸೆಸ್ಸೆಲ್ಸಿ ಮುಗಿಸಿದ ರಜೆಯಲ್ಲಿ, ಅವನು ಅಜ್ಜಿಯಿಂದ ಒಂದು ತುಳು ಜೋಗುಳ ಹಾಡಿಸಿ ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿದ್ದ. ಜೊತೆಗೆ ಸೆಕೆಂಡ್ ಹ್ಯಾಂಡ್ ಸಿಂಥಸೈಜರಿನಿಂದ ಕೊಳಲಿನಂಥ ನಾದವನ್ನು ಸೇರಿಸಿದ್ದ. ಮೂರು ಸಂಜೆ ಗುಂಡಿಗಳನ್ನು ತಿರುಗಿಸಿ ತಿರುಗಿಸಿ, ಸ್ವಲ್ಪ ಉಸಿರೂ ಕೇಳುವ ಹಾಗೆ ಮಾಡಿದಾಗ, “ಈಗ ಸರಿಯಾಯಿತು ಮಗಾ” ಎಂದಿದ್ದರಂತೆ ಅಜ್ಜಿ. ಮುಂದೆ ಕಾಲೇಜು, ಪುಸ್ತಕ, ಪರೀಕ್ಷೆ. ಸಿಂಥಸೈಜರ್ ಕಪಾಟಿನ ಮೇಲೇರಿತು. ಕಳೆದ ಆಟಿಯಲ್ಲಿ ಅಜ್ಜಿ ತೀರಿಕೊಂಡರು. ವರ್ಷಾಂತಿಕಕ್ಕೆ ಸೇರುವ ನೆಂಟರಿಗೆ ಆ ಹಾಡನ್ನು ಕೇಳಿಸಬೇಕೆಂದು ಹುಡುಗ ಹಳೆಯ ಫೈಲನ್ನು ತೆರೆದರೆ, ಅಜ್ಜಿಯ ಸ್ವರ ಇದ್ದ ಹಾಗೇ ಇತ್ತು. ಕೊಳಲಿನ ಜಾಗದಲ್ಲಿ ಮಾತ್ರ ಮದುವೆ ಆರ್ಕೆಸ್ಟ್ರಾದ ತುತ್ತೂರಿ!

ಹಿಂದೆಯೇ ಬಂದ ಅವನ ತಂದೆ ಕೇಳಿದರು: “ಎಂತ ಮಾಷ್ಟ್ರೇ, ಕಂಪ್ಯೂಟರಿನಲ್ಲಿ ಸೇವ್ ಮಾಡಿದ್ದು ಹೀಗೆ ಬದಲಾಗುವುದುಂಟಾ?”

ಪ್ರಸಂಗ ಬೇರೆ, ಭಾಗವತರು ಬೇರೆ

ಯಕ್ಷಗಾನ ನೋಡಿದವರಿಗೆ ಇದರ ಉತ್ತರ ಕಷ್ಟವಲ್ಲ. ಪ್ರಸಂಗದ ಪುಸ್ತಕದಲ್ಲಿ ಪದ್ಯ ಇರುತ್ತದೆ. ಅದರ ತಲೆಯ ಮೇಲೆ ರಾಗ, ತಾಳದ ಹೆಸರು ಇರುತ್ತದೆ. ಆದರೆ ಭಾಗವತರ ಕಂಠ ಪುಸ್ತಕದಲ್ಲಿಲ್ಲ. ಭಾಗವತರು ಬದಲಾದರೆ ಪದ್ಯ ಅದೇ, ಕೇಳುವ ನಾದ ಬೇರೆ.

ಸಂಗೀತದ ತಂತ್ರಾಂಶದಲ್ಲಿ ಉಳಿಸಿದ ಫೈಲೂ ಬಹುಮಟ್ಟಿಗೆ ಪ್ರಸಂಗದ ಪುಸ್ತಕವೇ. ಅಜ್ಜಿಯ ಹಾಡನ್ನು ಮೈಕಿನ ಮೂಲಕ ತೆಗೆದುಕೊಂಡಾಗ ಕಂಪ್ಯೂಟರ್ ಶಬ್ದತರಂಗವನ್ನೇ ಅಳೆದು ಬರೆದಿಟ್ಟಿತು, ಸಿ.ಡಿ. ಗುಣಮಟ್ಟದಲ್ಲಿ ಸೆಕೆಂಡಿಗೆ 44,100 ಅಳತೆಗಳು. ಆದ್ದರಿಂದ ಆ ಸ್ವರ ಕೆಡಲಿಲ್ಲ. ಕೊಳಲಿನ ವಿಷಯದಲ್ಲಿ ಅದು ಬರೆದಿಟ್ಟದ್ದು ಬರೀ ಆಜ್ಞೆಗಳನ್ನು. ಉದಾಹರಣೆಗೆ 144, 60, 100 ಎಂಬ ಮೂರು ಸಂಖ್ಯೆಗಳನ್ನು ನೋಡಿ. ‘ಒಂದನೇ ಚಾನೆಲಿನಲ್ಲಿ, ಮಣೆಯ ನಡುವಿನ ಸಿ ಸ್ವರವನ್ನು, ಇಷ್ಟು ಬಲದಿಂದ ಒತ್ತು’ ಎಂದು ಅದರ ಅರ್ಥ. ಆ ಸ್ವರ ಕೊಳಲಿನಂತೆ ಕೇಳಬೇಕೇ, ತುತ್ತೂರಿಯಂತೆ ಕೇಳಬೇಕೇ ಎಂಬುದು ಈ ಮೂರರಲ್ಲಿ ಎಲ್ಲಿಯೂ ಇಲ್ಲ.

ಈ ಆಜ್ಞೆಗಳ ಭಾಷೆಗೆ ಮಿಡಿ ಎಂದು ಹೆಸರು. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಾಕೆಹಾಶಿ ಮುಂದಾಳುಗಳಾಗಿ, 1983ರಲ್ಲಿ ಹಲವು ತಯಾರಕರು ಒಪ್ಪಿಕೊಂಡ ಭಾಷೆ ಇದು. ಬೇರೆ ಬೇರೆ ಕಂಪೆನಿಗಳ ಯಂತ್ರಗಳು ಒಂದರ ಮಾತು ಒಂದಕ್ಕೆ ತಿಳಿಯುವಂತಾದದ್ದು ಹೀಗೆ. ಈ ಕೆಲಸಕ್ಕಾಗಿ 2013ರಲ್ಲಿ ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಬಂತು.

ನಂಬರು ಉಳಿಯಿತು, ವಸ್ತು ಬದಲಾಯಿತು

1970ರಲ್ಲಿ ಬಂದ ಮಿನಿಮೂಗ್ ಎಂಬ ಪ್ರಸಿದ್ಧ ಸಿಂಥಸೈಜರಿಗೆ ನೆನಪಿನ ಶಕ್ತಿಯೇ ಇರಲಿಲ್ಲ. ಒಳ್ಳೆಯ ನಾದ ಸಿಕ್ಕಿದರೆ, ಗುಂಡಿಗಳು ಎಲ್ಲೆಲ್ಲಿ ನಿಂತಿವೆ ಎಂದು ಕಾಗದದ ಮೇಲೆ ಚಿತ್ರ ಬರೆದಿಟ್ಟುಕೊಳ್ಳಬೇಕಿತ್ತು. ಇದೇ ಡೇವ್ ಸ್ಮಿತ್ 1978ರಲ್ಲಿ ತಂದ ಪ್ರಾಫೆಟ್-5 ಎಂಬ ಯಂತ್ರದಲ್ಲಿ 40 ನಾದಗಳನ್ನು ಉಳಿಸಿಟ್ಟು, ಗುಂಡಿ ಒತ್ತಿದರೆ ಮತ್ತೆ ಪಡೆಯಬಹುದಾಯಿತು. ಅಡುಗೆ ಮನೆಯಲ್ಲಿ ಸಾಲಾಗಿ ಇಟ್ಟ ಡಬ್ಬಿಗಳಂತೆ ಎಂದಿಟ್ಟುಕೊಳ್ಳಿ.

ಮಿಡಿಯಲ್ಲಿ ‘ಪ್ರೋಗ್ರಾಂ ಚೇಂಜ್’ ಎಂಬ ಆಜ್ಞೆಯಿದೆ. ‘ಇಂತಿಷ್ಟನೇ ಡಬ್ಬಿ ತೆಗೆ’ ಎನ್ನುವುದು ಅದರ ಕೆಲಸ. ಒಂದು ಸಂಖ್ಯೆಗೆ 7 ಬಿಟ್ ಇರುವುದರಿಂದ 2ರ ಏಳನೇ ಘಾತ, ಅಂದರೆ 128 ಡಬ್ಬಿಗಳನ್ನು ಕರೆಯಬಹುದು. ಅದಕ್ಕಿಂತ ಹೆಚ್ಚು ಬೇಕಾದರೆ ಮೊದಲು ‘ಬ್ಯಾಂಕ್ ಸೆಲೆಕ್ಟ್’ ಆಜ್ಞೆಯಿಂದ ಯಾವ ಕಪಾಟು ಎಂದು ಹೇಳಬೇಕು. ಇಲ್ಲಿ ಒಂದು ಎಡವಟ್ಟು ಇದೆ. ಕೆಲವು ಯಂತ್ರಗಳು 1ರಿಂದ 128ರವರೆಗೆ ಎಣಿಸಿದರೆ, ಕೆಲವು 0ಯಿಂದ 127ರವರೆಗೆ ಎಣಿಸುತ್ತವೆ. ಒಂದರ 17 ಇನ್ನೊಂದಕ್ಕೆ 16!

ನಾವು ಮೊದಲು ಸಂಶಯಪಟ್ಟದ್ದು ಇದನ್ನೇ. ಆದರೆ ಫೈಲಿನಲ್ಲಿ ಆಜ್ಞೆ ಸರಿಯಾಗಿತ್ತು; ಯಂತ್ರವೂ 17ನೇ ಡಬ್ಬಿಯನ್ನೇ ತೆರೆದಿತ್ತು. ಕೆದಕಿ ಕೇಳಿದಾಗ ಹುಡುಗನಿಗೆ ನೆನಪಾಯಿತು. ಡಿಸೆಂಬರಿನಲ್ಲಿ ದೊಡ್ಡಪ್ಪನ ಮಗ ಆರ್ಕೆಸ್ಟ್ರಾಕ್ಕೆಂದು ಸಿಂಥಸೈಜರ್ ಒಯ್ದಿದ್ದ. ತನಗೆ ಬೇಕಾದ ತುತ್ತೂರಿಯ ನಾದವನ್ನು ಖಾಲಿ ಎಂದು ತಿಳಿದು 17ರಲ್ಲಿ ಉಳಿಸಿದ್ದ. ಸಾರಿನ ಪುಡಿಯ ಡಬ್ಬಿಗೆ ಯಾರೋ ಮೆಣಸಿನ ಪುಡಿ ತುಂಬಿದ ಹಾಗಾಯಿತು. ಕಂಪ್ಯೂಟರ್ ತಪ್ಪು ಮಾಡಲಿಲ್ಲ, ಸಿಂಥಸೈಜರೂ ಮಾಡಲಿಲ್ಲ.

ಉಳಿಸುವ ದಾರಿಗಳು

ಮನೆಯಲ್ಲಿ ಇಂಥ ಯಂತ್ರವಿರುವ ಮಕ್ಕಳು ಮೂರು ಕೆಲಸ ಮಾಡಬೇಕು.

ಮೊದಲನೆಯದು, ಹಾಡಿನ ಆರಂಭದಲ್ಲೇ ಬ್ಯಾಂಕ್ ಮತ್ತು ಪ್ರೋಗ್ರಾಂ ಆಜ್ಞೆಗಳನ್ನು ಸೇರಿಸುವುದು. ಫೈಲ್ ತೆರೆಯುವ ಮೊದಲೇ ಸಿಂಥಸೈಜರನ್ನು ಆನ್ ಮಾಡಿರಬೇಕು. ಯಂತ್ರದಲ್ಲೇ ಇರುವ, ನಾವು ತಿದ್ದದ ನಾದಗಳಿಗೆ ಇಷ್ಟು ಸಾಕು.

ಎರಡನೆಯದು, ಡಬ್ಬಿಯೊಳಗಿನ ವಸ್ತುವನ್ನೇ ಫೈಲಿಗೆ ತರುವುದು. ಇದಕ್ಕೆ ‘ಸಿಸ್ಟಮ್ ಎಕ್ಸ್‌ಕ್ಲೂಸಿವ್’ ಎಂಬ ಸಂದೇಶವಿದೆ. ಅದು 240 ಎಂಬ ಸಂಖ್ಯೆಯಿಂದ ಆರಂಭವಾಗಿ 247ರಿಂದ ಮುಗಿಯುತ್ತದೆ. ನಡುವೆ ತಯಾರಕರ ಗುರುತು (ಯಮಾಹಾ ಆದರೆ 67, ರೋಲೆಂಡ್ ಆದರೆ 65) ಮತ್ತು ಒಂದೊಂದು ಗುಂಡಿಯ ಬೆಲೆ. 1983ರ ಯಮಾಹಾ ಡಿಎಕ್ಸ್-7ರ 32 ನಾದಗಳೂ ಸೇರಿ 4,104 ಸಂಖ್ಯೆಗಳು. ಮೂಲ ಮಿಡಿ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್ ಹರಿಯುತ್ತದೆ, ಒಂದು ಸಂಖ್ಯೆಗೆ 10 ಬಿಟ್ ಬೇಕು. ಹಾಗಾದರೆ ಎಲ್ಲವೂ ಸಾಗಲು ಎಷ್ಟು ಹೊತ್ತು? ಮಕ್ಕಳು ಲೆಕ್ಕ ಮಾಡಲಿ. ಉತ್ತರ ಸುಮಾರು 1.3 ಸೆಕೆಂಡು. ಅದಕ್ಕಾಗಿಯೇ ಈ ಸಂದೇಶವನ್ನು ಹಾಡಿನ ಆರಂಭದಲ್ಲಿಟ್ಟು, ಮೊದಲ ಸ್ವರಕ್ಕೆ ಮುನ್ನ ಸ್ವಲ್ಪ ಜಾಗ ಖಾಲಿ ಬಿಡಬೇಕು. ಒಂದು ಎಚ್ಚರಿಕೆ: ಹೀಗೆ ಮರಳಿ ಕಳಿಸಿದಾಗ ಯಂತ್ರದಲ್ಲಿ ಈಗಿರುವ ನಾದಗಳು ಅಳಿಸಿಹೋಗಬಹುದು. ಮೊದಲು ಅವುಗಳ ಪ್ರತಿಯನ್ನೂ ತೆಗೆದಿಡಿ.

ಮೂರನೆಯದು, ಹಾಡು ಮುಗಿದ ದಿನವೇ ಸಿಂಥಸೈಜರಿನ ನಾದವನ್ನೂ ಅಜ್ಜಿಯ ಸ್ವರದಂತೆ ಧ್ವನಿಮುದ್ರಿಸಿ ಅದೇ ಫೈಲಿನ ಜೊತೆ ಇಡುವುದು. ಯಂತ್ರ ಕೆಟ್ಟರೂ, ಮಾರಿದರೂ ಅದು ಉಳಿಯುತ್ತದೆ.

ಹಳೆಯ ಯಂತ್ರಗಳಿಗೆ ಇನ್ನೂ ಒಂದು ಅಪಾಯವಿದೆ. ಹಲವು ಯಂತ್ರಗಳಲ್ಲಿ ನಾದಗಳ ನೆನಪನ್ನು ಕಾಯುವುದು 3 ವೋಲ್ಟಿನ ಒಂದು ಪುಟ್ಟ ಬಿಲ್ಲೆ ಬ್ಯಾಟರಿ. ಅದು ಮುಗಿದರೆ ಉಳಿಸಿಟ್ಟದ್ದೆಲ್ಲ ಮಾಯ. ಪ್ರತಿ ತೆಗೆದ ನಂತರವೇ, ಕೆಲಸ ಬಲ್ಲವರಿಂದ ಅದನ್ನು ಬದಲಿಸಿ.

ಮತ್ತೆ ಸಿಕ್ಕಿದ ಕೊಳಲು

ಅಜ್ಜಿಯ ಕೊಳಲು? ಆ ಮೂರರಲ್ಲಿ ಮೊದಲನೆಯದನ್ನು ಮಾತ್ರ ಹುಡುಗ ಮಾಡಿದ್ದ. ಅದೃಷ್ಟಕ್ಕೆ ಆಗಲೇ ಮುಂಬಯಿಯ ಅತ್ತೆಗೆ ಹಾಡಿನ ಒಂದು ತುಣುಕನ್ನು ಮೊಬೈಲಿನಲ್ಲಿ ಕಳಿಸಿದ್ದ, ಅವರು ಅಳಿಸಿರಲಿಲ್ಲ. ಅದನ್ನು ಕೇಳುತ್ತಾ ನಾದವನ್ನು ಮತ್ತೆ ಕಟ್ಟಲು ಕುಳಿತೆವು. ಕೊಳಲಿನ ಮೆಲುದನಿಯಲ್ಲಿ ಮೂಲ ಕಂಪನ ಬಲವಾಗಿದ್ದು, ಮೇಲಿನ ಕಂಪನಗಳು ಕ್ಷೀಣವಾಗಿರುತ್ತವೆ; ಜೊತೆಗೆ ಉಸಿರಿನ ಸುಯ್ ಎಂಬ ಸದ್ದು. ಆದ್ದರಿಂದ ಮೆತ್ತಗಿನ ತ್ರಿಕೋನ ತರಂಗದಿಂದ ಶುರು ಮಾಡಿ, ಸ್ವರ ನಿಧಾನವಾಗಿ ಮೇಲೇಳುವಂತೆ ಮಾಡಿ, ಚಿಟಿಕೆಯಷ್ಟು ಗದ್ದಲ ಬೆರೆಸಿದೆವು. ಪಠ್ಯಪುಸ್ತಕದಲ್ಲಿ ಓದಿದ ‘ಶಬ್ದದ ಗುಣ’ ಎಂದರೆ ಇದೇ ಎಂದು ಹುಡುಗನಿಗೆ ಅಂದು ಕಿವಿಯಿಂದ ತಿಳಿಯಿತು.

ಎರಡನೇ ಸಂಜೆ ಅವನ ತಂದೆಯೂ ಬಂದು ಕುಳಿತರು. “ಇಷ್ಟು ಗಟ್ಟಿ ಇರಲಿಲ್ಲ, ಅಮ್ಮನ ಸ್ವರದ ಅಡಿಯಲ್ಲಿ ಇತ್ತು” ಎಂದರು. ಅವರು ಹೇಳಿದಂತೆ ತಗ್ಗಿಸಿದೆವು. ನಾಲ್ಕನೇ ಸಂಜೆ ಸಿಕ್ಕಿದ್ದು ಅದೇ ಕೊಳಲು ಅಲ್ಲ. ಅದರ ತಮ್ಮ ಎನ್ನಬಹುದು. ಈ ಸಲ ಮೂರೂ ವಿಧದಲ್ಲಿ ಉಳಿಸಿ, ಗುಂಡಿಗಳ ಬೆಲೆಯನ್ನು ನೋಟುಬುಕ್ಕಿನಲ್ಲಿ ದಿನಾಂಕ ಸಮೇತ ಬರೆಸಿದೆ. ಪ್ರಯೋಗಾಲಯದ ರೆಕಾರ್ಡ್ ಪುಸ್ತಕವನ್ನು ನಾವು ಮೇಷ್ಟರುಗಳು ಒತ್ತಾಯಿಸಿ ಬರೆಸುವುದು ಅಂಕಕ್ಕಾಗಿ ಮಾತ್ರವಲ್ಲ, ಮತ್ತೊಮ್ಮೆ ಮಾಡಿದಾಗಲೂ ಅದೇ ಫಲ ಬರಲಿ ಎಂದು.

ತಂದೆತಾಯಿಗಳಿಗೆ ಒಂದು ಮಾತು. ಪರೀಕ್ಷೆಯ ವರ್ಷದಲ್ಲಿ ವಾದ್ಯವನ್ನು ಕಪಾಟಿನ ಮೇಲಿಡುವುದಾದರೆ ಇಡಿ. ಇಡುವ ಮೊದಲು ಅದರೊಳಗೆ ಏನಿದೆ ಎಂದು ಬರೆದಿಡಲು, ಪ್ರತಿ ತೆಗೆಯಲು ಮಕ್ಕಳಿಗೆ ಒಂದು ಸಂಜೆ ಬಿಡುವು ಕೊಡಿ. ಎದುರು ಮನೆಯ ಸಿಂಥಸೈಜರ್ ಈಗ ಮೇಜಿನ ಮೇಲೆಯೇ ಇದೆ. 17ರ ಮುಂದೆ ಅಂಟಿಸಿದ ಚೀಟಿಯಲ್ಲಿ ‘ಅಜ್ಜಿ’ ಎಂದು ಬರೆದಿದೆ.