ನೈರೋಬಿ: ಹೆಸರೂ ಹುಟ್ಟೂ

ಪಟ್ಟಣಗಳ ಉತ್ಪತ್ತಿಯನ್ನು ವಿಚಾರಿಸುವವರು ಸಾಮಾನ್ಯವಾಗಿ ರಾಜನನ್ನೋ ದೇವಾಲಯವನ್ನೋ ಸಂತೆಯನ್ನೋ ಮೂಲವೆಂದು ಹುಡುಕುವರು. ಪೂರ್ವ ಆಫ್ರಿಕೆಯ ನೈರೋಬಿಗೆ ಇವೊಂದೂ ಮೂಲವಲ್ಲ. ಅದು ಉಗಿಬಂಡಿಯ ಹಾದಿಯಿಂದ ಹುಟ್ಟಿದ ಊರು.

1896ರಲ್ಲಿ ಮೊಂಬಾಸಾ ರೇವಿನಿಂದ ಹೊರಟ ಉಗಾಂಡಾ ರೈಲುದಾರಿಯ ಕಂಬಿಗಳು ಸುಮಾರು 327 ಮೈಲುಗಳನ್ನು ಕ್ರಮಿಸಿ 1899ನೆಯ ಮೇ ತಿಂಗಳಿನ ಕೊನೆಯಲ್ಲಿ ಇಲ್ಲಿಗೆ ಮುಟ್ಟಿದುವು. ಮುಂದೆ ಕಿಕುಯು ಬೆಟ್ಟದ ಏರು. ಅದರಾಚೆ ರಿಫ್ಟ್ ಕಣಿವೆಯ ಕಡಿದಾದ ಇಳಿಜಾರು. ಏರುವುದಕ್ಕೆ ಮೊದಲು ಸಾಮಗ್ರಿಯನ್ನು ಒಟ್ಟಲು ಸಮನೆಲವೂ ನೀರೂ ಬೇಕಾಗಿದ್ದುವು. ಆದಕಾರಣ ಉಗ್ರಾಣ, ಕಾರ್ಖಾನೆ, ಕೂಲಿಗಳ ಬಿಡಾರಗಳು ಇಲ್ಲಿಯೇ ಎದ್ದುವು. ಭಾರತದಿಂದ, ವಿಶೇಷವಾಗಿ ಪಂಜಾಬಿನಿಂದ, ಕರಾರಿನ ಮೇಲೆ ಹೋದ ಕೂಲಿಗಳು 30,000ಕ್ಕೂ ಮಿಕ್ಕು. ಅವರಲ್ಲಿ ಸುಮಾರು 2,500 ಮಂದಿ ಈ ದಾರಿಯ ಕೆಲಸದಲ್ಲಿ ಅಸುನೀಗಿದರು.

ಈ ಸ್ಥಳವು ಮೊದಲು ಯಾರಿಗೂ ಸೇರದ ಬಯಲಾಗಿದ್ದಿತೆಂದು ಹೇಳುವವರುಂಟು. ಹೆಸರೇ ಆ ಮಾತನ್ನು ಖಂಡಿಸುತ್ತದೆ. ದನಗಳನ್ನು ಮೇಯಿಸುತ್ತಿದ್ದ ಮಾಸಾಯಿ ಜನರು ಇದನ್ನು 'ಎಂಕಾರೆ ನೈರೋಬಿ', ಅಂದರೆ ತಣ್ಣೀರು, ಎಂದು ಕರೆದರು. 'ಎಂಕಾರೆ' ಎಂಬುದಕ್ಕೆ ನೀರೆಂದೇ ಅರ್ಥ. ಇದನ್ನು ಕನ್ನಡದ 'ಕೆರೆ'ಯೊಡನೆ ಹೊಂದಿಸಲು ಮನಸ್ಸೆಳೆಯುವುದು ಸಹಜ. ಆದರೆ ಮಾಸಾಯಿಯು ನೈಲೋಟಿಕ್ ವರ್ಗದ ಭಾಷೆಯಾದುದರಿಂದ ಕೇವಲ ಧ್ವನಿಸಾಮ್ಯದಿಂದ ಬಾಂಧವ್ಯವನ್ನು ಕಲ್ಪಿಸುವುದು ಶಾಸ್ತ್ರವಲ್ಲ.

ಹೆಸರಿತ್ತ ನೀರೇ ಊರಿಗೆ ಪೀಡೆಯೂ ಆಯಿತು. ತಗ್ಗಿನ ಜೌಗುನೆಲದಲ್ಲಿ ಮಳೆನೀರು ಹರಿಯದೆ ನಿಲ್ಲುತ್ತಿದ್ದಿತು. ಕಿಕ್ಕಿರಿದ ಪೇಟೆಯಲ್ಲಿ ಪ್ಲೇಗು ತಲೆದೋರಿದಾಗ, 1902ರಲ್ಲಿ, ಅದನ್ನು ಸುಟ್ಟುಹಾಕಲಾಯಿತು. ಊರನ್ನೇ ಎತ್ತರದ ನೆಲಕ್ಕೆ ಒಯ್ಯಬೇಕೆಂಬ ಸಲಹೆಗಳು ಬಂದುವು. ರೈಲಿನ ಕಾರ್ಖಾನೆಗಳು ಅದಾಗಲೇ ಬೇರೂರಿದ್ದುವು. 1905ರಲ್ಲಿ ರಾಜಧಾನಿಯೂ ಮೊಂಬಾಸಾದಿಂದ ಅಲ್ಲಿಗೇ ಬಂದಿತು.