ಮೊಬೈಲ್ ಕಿತ್ತಿಟ್ಟರೆ ಸಾಲದು, ಮಗುವನ್ನು ಹೊರಗೆ ಬಿಡಿ

ಶಾಲೆಯ ಕಣ್ಣು ತಪಾಸಣೆಯಲ್ಲಿ ಮಗುವಿಗೆ ಮೈನಸ್ ಪವರ್ ಬಂದಿದೆ ಎಂದು ಗೊತ್ತಾದ ಕೂಡಲೇ ಮನೆಯವರೆಲ್ಲ ಒಂದೇ ತೀರ್ಮಾನಕ್ಕೆ ಬರುತ್ತಾರೆ: ‘ಎಲ್ಲ ಆ ಮೊಬೈಲಿಂದ.’ ಮೊಬೈಲ್ ಬೀರು ಸೇರುತ್ತದೆ, ಊಟಕ್ಕೆ ದಿನಾ ಕ್ಯಾರೆಟ್ ಪಲ್ಯ ಬರುತ್ತದೆ, ಮಗುವಿನ ಕೈಗೆ ಪುಸ್ತಕ ಕೊಟ್ಟು ಕೋಣೆಯಲ್ಲಿ ಕೂರಿಸಲಾಗುತ್ತದೆ. ಬಿಸಿಲು, ಧೂಳು ಕಣ್ಣಿಗೆ ಆಗದೆಂದು ಸಂಜೆಯ ಆಟವನ್ನೂ ನಿಲ್ಲಿಸುವ ಮನೆಗಳಿವೆ. ಇದನ್ನು ನೋಡಿಕೊಂಡು ಸುಮ್ಮನಿರುವುದು ಕಷ್ಟ. ಈ ಮೈನಸ್ ಪವರ್, ಅಂದರೆ ಸಮೀಪದೃಷ್ಟಿ, ಬಾರದಂತೆ ತಡೆಯಲು ಕಾಸು ಖರ್ಚಿಲ್ಲದೆ ಸಿಗುವ, ಚೆನ್ನಾಗಿ ರುಜುವಾತಾದ ಉಪಾಯವೆಂದರೆ ಹೊರಗಿನ ಬೆಳಕು. ಕಣ್ಣು ಉಳಿಸುವ ಹೆಸರಿನಲ್ಲಿ ನಾವು ಮಗುವಿಗೆ ತಪ್ಪಿಸುತ್ತಿರುವುದು ಅದನ್ನೇ.

ಮೊಬೈಲ್ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಗಂಟೆಗಟ್ಟಲೆ ಹತ್ತಿರದಿಂದ ನೋಡುವ ಯಾವ ಕೆಲಸವೂ ಕಣ್ಣಿಗೆ ಒಳ್ಳೆಯದಲ್ಲ. ಆದರೆ ತೈವಾನಿನಲ್ಲಿ 1983ರಿಂದಲೇ ಶಾಲಾಮಕ್ಕಳ ಕಣ್ಣಿನ ಸಮೀಕ್ಷೆಗಳು ನಡೆದಿವೆ, ಸ್ಮಾರ್ಟ್‌ಫೋನ್ ಎಂಬುದೇ ಇಲ್ಲದ ಆ ಕಾಲದಲ್ಲೂ ಹೈಸ್ಕೂಲ್ ಮುಗಿಸುವ ಹೊತ್ತಿಗೆ ಅಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸಮೀಪದೃಷ್ಟಿ ಬಂದಿರುತ್ತಿತ್ತು. ಇನ್ನೂ ಸ್ಪಷ್ಟವಾದ ಸಾಕ್ಷ್ಯ 2008ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿದೆ. ಸಿಂಗಪುರ ಮತ್ತು ಸಿಡ್ನಿಯಲ್ಲಿ ಬೆಳೆಯುತ್ತಿದ್ದ, ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ ಸಿಂಗಪುರದಲ್ಲಿ ಶೇ. 29ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ಇತ್ತು, ಸಿಡ್ನಿಯಲ್ಲಿ ಶೇ. 3.3ರಷ್ಟು ಮಕ್ಕಳಿಗೆ ಮಾತ್ರ. ಸಿಡ್ನಿಯ ಮಕ್ಕಳು ಕಡಿಮೆ ಓದುತ್ತಿದ್ದರೇ? ಇಲ್ಲ, ಅವರೇ ಹೆಚ್ಚು ಪುಸ್ತಕ ಓದುತ್ತಿದ್ದರು. ಎದ್ದು ಕಂಡ ವ್ಯತ್ಯಾಸ ಮನೆಯ ಹೊರಗೆ ಕಳೆದ ಸಮಯದ್ದು: ಸಿಡ್ನಿಯಲ್ಲಿ ವಾರಕ್ಕೆ ಸುಮಾರು 14 ಗಂಟೆ, ಸಿಂಗಪುರದಲ್ಲಿ ಮೂರು. ಇದು ವ್ಯಾಯಾಮದ ಫಲ ಎನ್ನುವವರಿಗೂ ಸಿಡ್ನಿಯ ಸಂಶೋಧಕರಲ್ಲಿ ಉತ್ತರವಿದೆ. ಒಳಾಂಗಣದಲ್ಲಿ ಆಟವಾಡಿದ ಮಕ್ಕಳಿಗೆ ಈ ಲಾಭ ಸಿಗಲಿಲ್ಲ. ಹೊರಗಿದ್ದರೆ ಸಾಕು, ಓಡಲೇಬೇಕೆಂದಿಲ್ಲ.

ಕಾರಣ ಕಣ್ಣುಗುಡ್ಡೆಯ ಉದ್ದದಲ್ಲಿದೆ. ಹುಟ್ಟಿದಾಗ ಹದಿನೇಳು ಮಿಲಿಮೀಟರ್ ಆಸುಪಾಸು ಇರುವ ಗುಡ್ಡೆ ದೊಡ್ಡವರಾಗುವಷ್ಟರಲ್ಲಿ ಇಪ್ಪತ್ನಾಲ್ಕರ ಹತ್ತಿರ ಬರುತ್ತದೆ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಒಂದೇ ಒಂದು ಮಿಲಿಮೀಟರ್ ಹೆಚ್ಚು ಬೆಳೆದರೂ ಸುಮಾರು ಎರಡೂವರೆ ಪವರ್ ಬಂದುಬಿಡುತ್ತದೆ. ಪ್ರಖರ ಬೆಳಕು ಅಕ್ಷಿಪಟಲದಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಬಿಡುಗಡೆಯನ್ನು ಹೆಚ್ಚಿಸುತ್ತದೆ, ಅದು ಈ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ಇಂದಿನ ಮುಖ್ಯ ವಿವರಣೆ. ಕೋಳಿಮರಿಗಳಲ್ಲಿ ಔಷಧ ಕೊಟ್ಟು ಡೋಪಮೈನ್ ಕೆಲಸವನ್ನು ತಡೆದಾಗ ಬೆಳಕಿನ ರಕ್ಷಣೆಯೂ ಇಲ್ಲವಾಯಿತು. ಟ್ಯೂಬ್‌ಲೈಟ್ ಉರಿಯುವ ತರಗತಿಯಲ್ಲಿ 300ರಿಂದ 500 ಲಕ್ಸ್ ಬೆಳಕಿದ್ದರೆ ಹೆಚ್ಚು. ಹೊಂಗೆಮರದ ನೆರಳಲ್ಲೂ ಅದರ ಹಲವು ಪಟ್ಟು ಇರುತ್ತದೆ, ಬಯಲಿನ ಬಿಸಿಲಿನಲ್ಲಿ ಒಂದು ಲಕ್ಷದವರೆಗೂ ಹೋಗುತ್ತದೆ. ನಮ್ಮ ಕಣ್ಣು ಈ ವ್ಯತ್ಯಾಸಕ್ಕೆ ಬೇಗ ಹೊಂದಿಕೊಳ್ಳುವುದರಿಂದ ಕೋಣೆಯಲ್ಲಿ ಬೆಳಕು ಸಾಕಷ್ಟಿದೆ ಎಂದೇ ಅನಿಸುತ್ತದೆ.

‘ನಮ್ಮ ವಂಶದಲ್ಲೇ ಕನ್ನಡಕವಿದೆ, ಏನು ಮಾಡಿದರೂ ಅಷ್ಟೇ’ ಎಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ತಂದೆ, ತಾಯಿ ಇಬ್ಬರಿಗೂ ಸಮೀಪದೃಷ್ಟಿ ಇದ್ದರೆ ಮಗುವಿಗೆ ಅಪಾಯ ಹೆಚ್ಚು. ಆದರೆ ಅಂಥ ಮಕ್ಕಳಲ್ಲೂ ಹೆಚ್ಚು ಹೊತ್ತು ಹೊರಗಿದ್ದವರಿಗೆ ತೊಂದರೆ ಕಡಿಮೆ ಕಂಡಿದೆ. ಒಂದೆರಡು ತಲೆಮಾರಿನಲ್ಲಿ ವಂಶವಾಹಿಗಳು ಬದಲಾಗುವುದಿಲ್ಲ, ಮಕ್ಕಳ ದಿನಚರಿ ಬದಲಾಗುತ್ತದೆ. ಈಗಾಗಲೇ ಬಂದ ಪವರ್ ಆಟದಿಂದ ಇಳಿಯುವುದಿಲ್ಲ ಎಂಬುದನ್ನೂ ಒಪ್ಪಬೇಕು. ಹೊರಗಿನ ಬೆಳಕಿನ ಬಲವೆಲ್ಲ ತಡೆಗಟ್ಟುವುದರಲ್ಲಿ, ಆದ್ದರಿಂದಲೇ ಒಂದನೇ ತರಗತಿಯ ವಯಸ್ಸು ಮುಖ್ಯ. ಇನ್ನು ಬಿಸಿಲಿನ ಭಯ. ರಾಯಚೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಮಗುವನ್ನು ಬಯಲಿಗೆ ಅಟ್ಟಿ ಎಂದು ಯಾರೂ ಹೇಳುತ್ತಿಲ್ಲ, ಟೋಪಿ ಹಾಕಿಕೊಂಡು ಮರದಡಿ ಇದ್ದರೂ ನಡೆಯುತ್ತದೆ. ಆದರೆ ಹೆಣ್ಣುಮಕ್ಕಳು ಕಪ್ಪಾಗುತ್ತಾರೆಂದು ಒಳಗೆ ಕೂರಿಸುವುದು ನಾಚಿಕೆಗೇಡು. ಸೂರ್ಯನನ್ನೇ ದಿಟ್ಟಿಸಿದರೆ ದೃಷ್ಟಿ ಚುರುಕಾಗುತ್ತದೆ ಎಂಬ ಮಾತನ್ನಂತೂ ನಂಬಲೇಬೇಡಿ, ಅದರಿಂದ ಅಕ್ಷಿಪಟಲ ಸುಡುತ್ತದೆ. ಕ್ಯಾರೆಟ್ಟಿನಿಂದ ಸಿಗುವ ವಿಟಮಿನ್ ಎ ಇರುಳುಗುರುಡನ್ನು ತಡೆಯಬಲ್ಲದು, ಗುಡ್ಡೆಯ ಉದ್ದಕ್ಕೂ ಅದಕ್ಕೂ ಸಂಬಂಧವಿಲ್ಲ.

ನಾವು ಕೊಳ್ಳಬಹುದಾದ ಪರಿಹಾರವನ್ನು ಮಾತ್ರ ನಂಬುತ್ತೇವೆ ಎಂಬುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಸಾವಿರಾರು ರೂಪಾಯಿ ಕೊಡುತ್ತೇವೆ, ಕಂಪ್ಯೂಟರ್ ಮುಂದೆ ಕೂತವರ ಕಣ್ಣಿನ ಆಯಾಸವನ್ನು ಅದು ಕಡಿಮೆ ಮಾಡುವ ಸಾಧ್ಯತೆ ಇಲ್ಲವೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ಪರಿಶೀಲನೆ ಹೇಳಿದ್ದರೂ. ಕಣ್ಣಿನ ಶಕ್ತಿಗೆಂದು ಟಾನಿಕ್ ತರುತ್ತೇವೆ, ವಾಟ್ಸ್ಆ್ಯಪ್‌ನಲ್ಲಿ ಬಂದ ಕಣ್ಣಿನ ವ್ಯಾಯಾಮ ಮಾಡಿಸುತ್ತೇವೆ. ಬಿಟ್ಟಿಯಾಗಿ ಸಿಗುವ ಬಯಲಿಗೆ ಮಾತ್ರ ಪುರಾವೆ ಕೇಳುತ್ತೇವೆ. ಪುರಾವೆಯೂ ಇದೆ. ತೈವಾನ್ ದಿನಕ್ಕೆ 120 ನಿಮಿಷ ಮಕ್ಕಳನ್ನು ಹೊರಗಿರಿಸುವ ಕಾರ್ಯಕ್ರಮವನ್ನು 2010ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಶುರುಮಾಡಿತು. ದೃಷ್ಟಿ ಕಡಿಮೆಯಿದ್ದ ಮಕ್ಕಳ ಪ್ರಮಾಣ 2001ರ ಶೇ. 34.8ರಿಂದ 2011ರಲ್ಲಿ ಶೇ. 50ಕ್ಕೆ ಏರಿದ್ದು, 2015ರ ಹೊತ್ತಿಗೆ ಶೇ. 46.1ಕ್ಕೆ ಇಳಿಯಿತು. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆದ ಪ್ರಯೋಗದಲ್ಲಿ ಅರ್ಧದಷ್ಟು ಶಾಲೆಗಳ ಒಂದನೇ ತರಗತಿಯ ಮಕ್ಕಳನ್ನು ದಿನವೂ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಅವರಲ್ಲಿ ಶೇ. 30.4ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ಬಂತು, ಉಳಿದ ಶಾಲೆಗಳಲ್ಲಿ ಶೇ. 39.5ರಷ್ಟು ಮಕ್ಕಳಿಗೆ. ನಲವತ್ತು ನಿಮಿಷವೆಂದರೆ ನಮ್ಮ ಶಾಲೆಯ ಒಂದು ಪೀರಿಯಡ್. ಪರೀಕ್ಷೆ ಹತ್ತಿರ ಬಂತೆಂದು ಗಣಿತದ ಮೇಷ್ಟ್ರು ಪಿ.ಟಿ. ಪೀರಿಯಡ್ ತೆಗೆದುಕೊಂಡಾಗ, ಪೋಷಕರ ಸಭೆಯಲ್ಲಿ ಯಾರಾದರೊಬ್ಬರು ಎದ್ದು ನಿಂತು ಅದನ್ನು ವಾಪಸ್ ಕೇಳಬೇಕು.