ಬೇಸ್‌ಬಾಲ್ ಅಂಗಳಕ್ಕೆ ಬಂದ ಮೂರು ಸ್ಟಂಪು

2023ರ ಜುಲೈ 14. ಬೆಳಿಗ್ಗೆ ಆರು ಗಂಟೆ, ನಮ್ಮಲ್ಲಿ ಹಾಲು, ಪೇಪರು ಬಾಗಿಲಿಗೆ ಬರುವ ಹೊತ್ತು. ಅಮೆರಿಕದ ಟೆಕ್ಸಸ್‌ನಲ್ಲಿ ಆಗಿನ್ನೂ ಹಿಂದಿನ ದಿನದ ಸಂಜೆ ಏಳೂವರೆ. ಡಲ್ಲಾಸ್ ಪಕ್ಕದ ಗ್ರ್ಯಾಂಡ್ ಪ್ರೇರಿ ಎಂಬ ಊರಿನ ಕ್ರೀಡಾಂಗಣ ತುಂಬಿ ಹೋಗಿತ್ತು. ಟೆಕ್ಸಸ್ ಸೂಪರ್ ಕಿಂಗ್ಸ್ ಮತ್ತು ಲಾಸ್ ಏಂಜಲೀಸ್ ನೈಟ್ ರೈಡರ್ಸ್ ನಡುವಿನ ಆ ಪಂದ್ಯದೊಂದಿಗೆ ಅಮೆರಿಕದ ವೃತ್ತಿಪರ ಟಿ20 ಲೀಗ್ ‘ಮೇಜರ್ ಲೀಗ್ ಕ್ರಿಕೆಟ್’ ಶುರುವಾಯಿತು. ಸೂಪರ್ ಕಿಂಗ್ಸ್ 69 ರನ್‌ಗಳಿಂದ ಗೆದ್ದಿತು. ಕಾಫಿ ಲೋಟ ಹಿಡಿದು ಟಿವಿ ಮುಂದೆ ಕೂತಿದ್ದ ನನಗೆ ಆಟದಷ್ಟೇ ಬೆರಗು ಹುಟ್ಟಿಸಿದ್ದು ಆ ಅಂಗಳ.

ಅದು 2008ರಲ್ಲಿ ಬೇಸ್‌ಬಾಲ್‌ಗೆಂದು ಕಟ್ಟಿದ ಅಂಗಳ. ಬೇಸ್‌ಬಾಲ್ ಮೈದಾನ ಬಿಚ್ಚಿದ ಬೀಸಣಿಗೆಯ ಹಾಗೆ. ಹಿಡಿಕೆಯ ಜಾಗದಲ್ಲಿ ಬ್ಯಾಟ್ ಹಿಡಿದವನು ನಿಲ್ಲುತ್ತಾನೆ, ಚೆಂಡು ಹೋಗಬೇಕಾದದ್ದು ಮುಂದಿನ ರೆಕ್ಕೆಯೊಳಗೆ ಮಾತ್ರ. ಹಿಂದಕ್ಕೆ ಹೋದರೆ ಲೆಕ್ಕಕ್ಕಿಲ್ಲ. ಕ್ರಿಕೆಟ್‌ಗೆ ಬೇಕಾದದ್ದು ಸುತ್ತಲೂ ಬಯಲು, ನಟ್ಟನಡುವೆ ಪಿಚ್. ಲೇಟ್ ಕಟ್ ಮಾಡುವವನಿಗೂ ಸ್ವೀಪ್ ಮಾಡುವವನಿಗೂ ಬೆನ್ನ ಹಿಂದೆ ಜಾಗ ಇರಲೇಬೇಕು. ಹಾಗಾಗಿ ಬಣ್ಣ ಬಳಿದು ಬೋರ್ಡು ಬದಲಿಸಿದರೆ ಮುಗಿಯುವ ಕೆಲಸ ಇದಾಗಿರಲಿಲ್ಲ. ಮೈದಾನದ ಆಕಾರವನ್ನೇ ತಿದ್ದಿ, ಪ್ರೇಕ್ಷಕರ ಜಾಗ ಹೊಂದಿಸಿ, ಮಧ್ಯೆ ಮಣ್ಣು ಹಾಕಿ, ಹುಲ್ಲು ಬೆಳೆಸಿ, ರೋಲರ್ ಉರುಳಿಸಿ ಟರ್ಫ್ ಪಿಚ್ ಮಾಡಬೇಕಾಯಿತು. ಸುಮಾರು 2 ಕೋಟಿ ಡಾಲರ್ ಖರ್ಚಾಯಿತು. ಏಳು ಸಾವಿರ ಚಿಲ್ಲರೆ ಜನ ಕೂರುವ ಈ ಅಂಗಳ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಮುಂದೆ ಪುಟ್ಟದು. ಆದರೆ ಅಮೆರಿಕದಲ್ಲಿ ವಾರಾಂತ್ಯದ ಕ್ರಿಕೆಟ್ ಆಡುತ್ತ ಬಂದವರಿಗೆ ಅದು ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಅವರು ಮೊದಲು ಎಲ್ಲಿ ಆಡುತ್ತಿದ್ದರು ಎಂಬುದನ್ನು ನೋಡಬೇಕು.

ಸಾರ್ವಜನಿಕ ಪಾರ್ಕುಗಳಲ್ಲಿ. ಒಂದು ಕಡೆ ಫುಟ್‌ಬಾಲ್, ಇನ್ನೊಂದು ಕಡೆ ಬೇಸ್‌ಬಾಲ್, ನಡುವೆ ಸಿಕ್ಕ ಜಾಗದಲ್ಲಿ ಸಿಮೆಂಟಿನ ಮೇಲೆ ಹಾಸಿದ ಮ್ಯಾಟಿಂಗ್ ಪಿಚ್. ಮ್ಯಾಟಿನ ಮೇಲೆ ಆಡಿದವರಿಗೆ ಗೊತ್ತು, ಅಲ್ಲಿ ಚೆಂಡು ಪುಟಿಯುವ ರೀತಿಯೇ ಬೇರೆ, ಅಲ್ಲಿ ಕಲಿತ ಕಾಲಿನ ಚಲನೆ ಟರ್ಫ್ ಮೇಲೆ ಕೈಕೊಡುತ್ತದೆ. ಭಾರತ, ಪಾಕಿಸ್ತಾನ, ಶ್ರೀಲಂಕಾ, ಬಾಂಗ್ಲಾದೇಶ, ವೆಸ್ಟ್ ಇಂಡೀಸ್‌ನಿಂದ ಹೋದ ಜನ ವಾರವಿಡೀ ದುಡಿದು ಶನಿವಾರ, ಭಾನುವಾರ ಕಿಟ್ ಬ್ಯಾಗ್ ಹೊತ್ತುಕೊಂಡು ಬಂದು ಈ ಆಟವನ್ನು ಅಲ್ಲಿ ಉಳಿಸಿದರು. ಅವರ ಈ ಹಟವನ್ನು ನಾನು ತುಂಬ ಗೌರವದಿಂದ ನೆನೆಯುತ್ತೇನೆ. ಕೋಟಿಗಳ ಲೆಕ್ಕದ ಲೀಗ್ ನಿಂತಿರುವುದು ಅವರ ಹೆಗಲ ಮೇಲೆ.

ಅಮೆರಿಕಕ್ಕೆ ಕ್ರಿಕೆಟ್ ಹೊಸದು ಎನ್ನುವ ಮಾತೂ ಪೂರ್ತಿ ನಿಜವಲ್ಲ. ಜಗತ್ತಿನ ಮೊಟ್ಟಮೊದಲ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯ ನಡೆದದ್ದು 1844ರ ಸೆಪ್ಟೆಂಬರ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ, ಅಮೆರಿಕ ಮತ್ತು ಕೆನಡಾ ನಡುವೆ. ಕೆನಡಾ 23 ರನ್‌ಗಳಿಂದ ಗೆದ್ದಿತ್ತು. ಮುಂದೆ ಫಿಲಡೆಲ್ಫಿಯಾ ನಗರ ಕ್ರಿಕೆಟ್ಟಿನ ತವರಾಯಿತು. ಅಲ್ಲಿನ ಬಾರ್ಟ್ ಕಿಂಗ್ ಸ್ವಿಂಗ್ ಬೌಲಿಂಗ್‌ನ ಆದ್ಯರಲ್ಲಿ ಒಬ್ಬ; 1908ರ ಇಂಗ್ಲೆಂಡ್ ಪ್ರವಾಸದಲ್ಲಿ ಆ ಋತುವಿನ ಬೌಲಿಂಗ್ ಸರಾಸರಿಯ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ನಿಂತವನು. ಮರುವರ್ಷ ಹುಟ್ಟಿದ ಇಂಪೀರಿಯಲ್ ಕ್ರಿಕೆಟ್ ಕಾನ್ಫರೆನ್ಸ್ ಬ್ರಿಟಿಷ್ ಸಾಮ್ರಾಜ್ಯದೊಳಗಿನ ದೇಶಗಳಿಗೆ ಮಾತ್ರ ಬಾಗಿಲು ತೆರೆಯಿತು. ಅಷ್ಟರಲ್ಲಿ ಬೇಸ್‌ಬಾಲ್ ಅಮೆರಿಕದ ಮನೆಮನೆಯ ಆಟವಾಗಿತ್ತು. ಕ್ರಿಕೆಟ್ ಮೂಲೆ ಸೇರಿತು.

ಅದನ್ನು ಮತ್ತೆ ಎತ್ತಿ ನಿಲ್ಲಿಸುವ ಯತ್ನಗಳು ನಡೆದವು. 2004ರಲ್ಲಿ ಪ್ರೊ ಕ್ರಿಕೆಟ್ ಎಂಬ ಲೀಗ್ ಬಂತು, ಒಂದೇ ವರ್ಷಕ್ಕೆ ಮುಚ್ಚಿತು. 2015ರಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ಶೇನ್ ವಾರ್ನ್ ತಮ್ಮ ಕಾಲದ ಘಟಾನುಘಟಿಗಳನ್ನು ಕಟ್ಟಿಕೊಂಡು ನ್ಯೂಯಾರ್ಕ್, ಹ್ಯೂಸ್ಟನ್, ಲಾಸ್ ಏಂಜಲೀಸ್‌ಗಳ ಬೇಸ್‌ಬಾಲ್ ಕ್ರೀಡಾಂಗಣಗಳಲ್ಲಿ ಮೂರು ಪಂದ್ಯ ಆಡಿದರು. ಜನ ಬಂದರು, ನೋಡಿ ಖುಷಿಪಟ್ಟು ಮನೆಗೆ ಹೋದರು. ಸ್ಥಳೀಯ ಆಟಗಾರನಿಗೆ ಅದರಿಂದ ಒಂದು ಪಿಚ್ ಕೂಡ ಸಿಗಲಿಲ್ಲ.

ಮೇಜರ್ ಲೀಗ್ ಬೇರೆಯಾಗಿ ಕಾಣುವುದು ಇಲ್ಲಿಯೇ. ಅದರ ಹಿಂದಿರುವ ಅಮೆರಿಕನ್ ಕ್ರಿಕೆಟ್ ಎಂಟರ್‌ಪ್ರೈಸಸ್ ಸಂಸ್ಥೆ ತಾರೆಯರನ್ನು ಕರೆತರುವ ಮೊದಲು ಕೆಳಗಿನ ಮೆಟ್ಟಿಲು ಕಟ್ಟಿತು. 2021ರಲ್ಲಿ ದೇಶದ ಉದ್ದಗಲದ 27 ತಂಡಗಳೊಂದಿಗೆ ಮೈನರ್ ಲೀಗ್ ಕ್ರಿಕೆಟ್ ನಡೆಯಿತು. ಭಾರತದ 19 ವರ್ಷದೊಳಗಿನವರ ತಂಡಕ್ಕೆ 2012ರಲ್ಲಿ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಉನ್ಮುಕ್ತ್ ಚಂದ್ ಅಲ್ಲಿಗೆ ಹೋಗಿ ಆಡಿದ್ದು ಆ ವರ್ಷವೇ. ಆಮೇಲೆ 2023ರ ಮಾರ್ಚ್‌ನಲ್ಲಿ, ಹ್ಯೂಸ್ಟನ್‌ನ ಬಾಹ್ಯಾಕಾಶ ಕೇಂದ್ರದಲ್ಲಿ ದೇಶೀಯ ಆಟಗಾರರ ಡ್ರಾಫ್ಟ್. ಡ್ರಾಫ್ಟ್ ಎಂದರೆ ಐಪಿಎಲ್ ಹರಾಜಿನ ಹಾಗೆ ಕೂಗಾಟವಲ್ಲ; ತಂಡಗಳು ಸರದಿ ಪ್ರಕಾರ ಒಬ್ಬೊಬ್ಬರನ್ನು ಆರಿಸಿಕೊಳ್ಳುವ ಅಮೆರಿಕನ್ ಪದ್ಧತಿ. ಮುಂಬೈ ಮೂಲದ ಎಡಗೈ ಸ್ಪಿನ್ನರ್ ಹರ್ಮೀತ್ ಸಿಂಗ್ ಹೆಸರು ಎಲ್ಲಕ್ಕಿಂತ ಮೊದಲು ಕೇಳಿಬಂತು.

ತಂಡಗಳು ಆರು. ಟೆಕ್ಸಸ್, ಲಾಸ್ ಏಂಜಲೀಸ್, ನ್ಯೂಯಾರ್ಕ್ ತಂಡಗಳ ಹಿಂದೆ ಚೆನ್ನೈ, ಕೋಲ್ಕತ್ತ, ಮುಂಬೈ ಐಪಿಎಲ್ ಫ್ರಾಂಚೈಸಿಗಳಿವೆ. ಸಿಯಾಟಲ್ ಓರ್ಕಾಸ್‌ನಲ್ಲಿ ಮೈಕ್ರೊಸಾಫ್ಟ್‌ನ ಸತ್ಯ ನಾದೆಲ್ಲಾ ಹಣ ಹೂಡಿದ್ದಾರೆ. ಉಳಿದವು ಸ್ಯಾನ್ ಫ್ರಾನ್ಸಿಸ್ಕೊ ಯೂನಿಕಾರ್ನ್ಸ್ ಮತ್ತು ವಾಷಿಂಗ್ಟನ್ ಫ್ರೀಡಂ. ಹನ್ನೊಂದರಲ್ಲಿ ಆರು ಮಂದಿ ವಿದೇಶಿಗಳಿರಬಹುದು, ಉಳಿದವರು ಅಮೆರಿಕದ ದೇಶೀಯ ಆಟಗಾರರೇ ಆಗಿರಬೇಕು. ನನ್ನ ಮಟ್ಟಿಗೆ ಇಡೀ ಲೀಗಿನ ಜೀವ ಇರುವುದು ಆ ಐದು ಜಾಗಗಳಲ್ಲಿ.

ಮೊದಲ ವರ್ಷದ ಫೈನಲ್‌ನಲ್ಲಿ ಎಂಐ ನ್ಯೂಯಾರ್ಕ್‌ನ ನಿಕೊಲಸ್ ಪೂರನ್ 55 ಎಸೆತಗಳಲ್ಲಿ ಔಟಾಗದೆ 137 ಹೊಡೆದರು, 13 ಸಿಕ್ಸರ್. 2025ರ ಆರಂಭದ ಪಂದ್ಯದಲ್ಲಿ ಯೂನಿಕಾರ್ನ್ಸ್‌ನ ಫಿನ್ ಆ್ಯಲೆನ್ 51 ಎಸೆತಗಳಲ್ಲಿ 151 ಬಾರಿಸಿ, 19 ಸಿಕ್ಸರ್‌ಗಳ ವಿಶ್ವದಾಖಲೆ ಬರೆದರು. ಅದೂ ಓಕ್ಲೆಂಡ್‌ನ ಹಳೆಯ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ. ಈ ಹೊಡೆತಗಳನ್ನು ಯಾವ ದೇಶದ ಲೀಗ್‌ನಲ್ಲಾದರೂ ನೋಡಬಹುದು. ಮೊದಲ ವರ್ಷದಲ್ಲೇ ಸೌರಭ್ ನೇತ್ರವಾಳ್ಕರ್ ಎಂಬ ಎಡಗೈ ವೇಗಿ, ಒರೇಕಲ್ ಕಂಪನಿಯ ಎಂಜಿನಿಯರ್, ವಾಷಿಂಗ್ಟನ್ ಪರವಾಗಿ 9 ರನ್‌ಗೆ 6 ವಿಕೆಟ್ ಕಿತ್ತದ್ದು ಮಾತ್ರ ಅಲ್ಲಿಯೇ ಆಗಬೇಕಾದ ಸಂಗತಿ.

ನಮಗೆ ಇನ್ನೂ ಹತ್ತಿರದವರು ನಾಸ್ತುಷ್ ಕೆಂಜಿಗೆ. ಹುಟ್ಟಿದ್ದು ಅಮೆರಿಕದ ಅಲಬಾಮಾದಲ್ಲಿ. ಬೆಳೆದದ್ದು ಚಿಕ್ಕಮಗಳೂರಿನ ಕಾಫಿ ತೋಟದ ಪರಿಸರದಲ್ಲಿ, ಕ್ರಿಕೆಟ್ ಹದಗೊಂಡದ್ದು ಬೆಂಗಳೂರಿನಲ್ಲಿ. ಇಲ್ಲಿ ದಾರಿ ಕಾಣದೆ 2015ರಲ್ಲಿ ಹುಟ್ಟಿದ ನೆಲಕ್ಕೆ ಮರಳಿದರು. ಮೇಜರ್ ಲೀಗ್‌ನಲ್ಲಿ ಎಂಐ ನ್ಯೂಯಾರ್ಕ್ ಅವರನ್ನು ಆರಿಸಿಕೊಂಡಿತು. ರಶೀದ್ ಖಾನ್ ಇದ್ದ ಬೌಲಿಂಗ್ ಪಡೆಯಲ್ಲಿ ಮಲೆನಾಡಿನ ಈ ಎಡಗೈ ಸ್ಪಿನ್ನರ್‌ಗೂ ಜಾಗವಿತ್ತು.

2024ರ ಜೂನ್ 6, ಟಿ20 ವಿಶ್ವಕಪ್. ಅದೇ ಗ್ರ್ಯಾಂಡ್ ಪ್ರೇರಿ ಅಂಗಳ, ಎದುರಿಗೆ ಪಾಕಿಸ್ತಾನ. ಹದಿಮೂರನೇ ಓವರ್. ಚೆನ್ನಾಗಿ ಆಡುತ್ತಿದ್ದ ಶಾದಾಬ್ ಖಾನ್ 40ಕ್ಕೆ ಕೆಂಜಿಗೆ ಎಸೆತದಲ್ಲಿ ಕ್ಯಾಚಿತ್ತರು, ಹಿಡಿದವರು ನೇತ್ರವಾಳ್ಕರ್. ಮುಂದಿನ ಎಸೆತಕ್ಕೇ ಆಜಂ ಖಾನ್ ಎಲ್‌ಬಿಡಬ್ಲ್ಯು. 30 ರನ್‌ಗೆ 3 ವಿಕೆಟ್ ಕೆಂಜಿಗೆ ಪಾಲಾಯಿತು. ಪಂದ್ಯ 159ಕ್ಕೆ ಸಮವಾಗಿ ಸೂಪರ್ ಓವರ್‌ಗೆ ಹೋದಾಗ ಅಮೆರಿಕ 18 ಗಳಿಸಿತು, ನೇತ್ರವಾಳ್ಕರ್ ಪಾಕಿಸ್ತಾನವನ್ನು 13ಕ್ಕೆ ಕಟ್ಟಿಹಾಕಿದರು. ಜಗತ್ತು ಅದನ್ನು ಪವಾಡ ಎಂದಿತು. ನನಗೆ ಹಾಗನ್ನಿಸಲಿಲ್ಲ. ಆ ಅಂಗಳದಲ್ಲಿ, ದೊಡ್ಡ ಬ್ಯಾಟರ್‌ಗಳ ಎದುರು ಚೆಂಡು ಹಾಕಿ ಈ ಇಬ್ಬರ ಎದೆಯ ಅಳುಕು ಹಿಂದಿನ ಬೇಸಿಗೆಯ ಲೀಗ್‌ನಲ್ಲೇ ಕಳೆದಿತ್ತು.

ಹಾಗೆಂದು ಎಲ್ಲವೂ ಸುಸೂತ್ರವಾಗಿಲ್ಲ. ಮೊದಲ ವರ್ಷದ 19 ಪಂದ್ಯಗಳೂ ಟೆಕ್ಸಸ್‌ನ ಗ್ರ್ಯಾಂಡ್ ಪ್ರೇರಿ ಮತ್ತು ನಾರ್ತ್ ಕ್ಯಾರೊಲೈನಾದ ಮಾರಿಸ್‌ವಿಲ್ ಎಂಬ ಎರಡೇ ಊರುಗಳಲ್ಲಿ ನಡೆದವು. ಸಿಯಾಟಲ್ ತಂಡ ಸಿಯಾಟಲ್‌ನಲ್ಲಿ ಆಡಲಿಲ್ಲ, ನ್ಯೂಯಾರ್ಕ್ ತಂಡ ನ್ಯೂಯಾರ್ಕ್‌ನಲ್ಲಿ ಆಡಲಿಲ್ಲ. 2025ರಲ್ಲಿ ಪಂದ್ಯಗಳು 34ಕ್ಕೇರಿ ಓಕ್ಲೆಂಡ್, ಫ್ಲಾರಿಡಾದ ಲಾಡರ್‌ಹಿಲ್ ಸೇರಿದರೂ ಬಹುಪಾಲು ತಂಡಗಳಿಗೆ ಸ್ವಂತ ಊರಲ್ಲಿ ಅಂಗಳವಿರಲಿಲ್ಲ. ತನ್ನೂರಿನ ತಂಡವನ್ನು ಟಿವಿಯಲ್ಲಷ್ಟೇ ನೋಡುವ ಹುಡುಗನಿಗೆ ಅದರ ಮೇಲೆ ಅಕ್ಕರೆ ಹುಟ್ಟುವುದು ಹೇಗೆ? ಅಲ್ಲಿನ ಕ್ರಿಕೆಟ್ ಆಡಳಿತದ ಕತೆಯಂತೂ ಬೇಸರದ್ದು. ಹಳೆಯ ಮಂಡಳಿಯನ್ನು ಐಸಿಸಿ 2017ರಲ್ಲಿ ಹೊರಹಾಕಿತು. ಅದರ ಜಾಗಕ್ಕೆ ಬಂದ ಯುಎಸ್ಎ ಕ್ರಿಕೆಟ್‌ನ ಸದಸ್ಯತ್ವವನ್ನೂ 2025ರ ಸೆಪ್ಟೆಂಬರ್‌ನಲ್ಲಿ ಅಮಾನತು ಮಾಡಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಇದೆ, 1900ರ ನಂತರ ಮೊದಲ ಬಾರಿ. ಮನೆಯಲ್ಲಿ ಮದುವೆ ಇಟ್ಟುಕೊಂಡು ಯಜಮಾನರೇ ಜಗಳಕ್ಕೆ ನಿಂತರೆ ನೋವಾಗುವುದು ಮಕ್ಕಳಿಗೆ, ಅಂದರೆ ಆಟಗಾರರಿಗೆ.

ಆ ಆಟಗಾರರಲ್ಲಿ ಒಬ್ಬನ ಒಂದು ಓವರ್ ನನ್ನ ಕಣ್ಣಿಗೆ ಕಟ್ಟಿದೆ. 2025ರ ಫೈನಲ್, ಗ್ರ್ಯಾಂಡ್ ಪ್ರೇರಿ. ವಾಷಿಂಗ್ಟನ್ ಗೆಲ್ಲಲು ಕೊನೆಯ ಓವರ್‌ನಲ್ಲಿ 12 ರನ್ ಬೇಕು. ಕ್ರೀಸಿನಲ್ಲಿ ಗ್ಲೆನ್ ಮ್ಯಾಕ್ಸ್‌ವೆಲ್, ಗ್ಲೆನ್ ಫಿಲಿಪ್ಸ್. ನ್ಯೂಯಾರ್ಕ್ ತಂಡದಲ್ಲಿ ಟ್ರೆಂಟ್ ಬೌಲ್ಟ್‌ನಂಥ ಅನುಭವಿ ಇದ್ದರೂ ಕೊನೆಗೆ ಚೆಂಡು ಹೋದದ್ದು ರುಶಿಲ್ ಉಗರ್ಕರ್ ಎಂಬ ದೇಶೀಯ ಯುವ ವೇಗಿಯ ಕೈಗೆ. ಆತ ಮ್ಯಾಕ್ಸ್‌ವೆಲ್ ವಿಕೆಟ್ ಕಿತ್ತ. ಕೊಟ್ಟದ್ದು ಆರೇ ರನ್. ನ್ಯೂಯಾರ್ಕ್ 5 ರನ್‌ಗಳಿಂದ ಎರಡನೇ ಸಲ ಚಾಂಪಿಯನ್ ಆಯಿತು.